ಆಟ ಆಡಿದಾಗೆಲ್ಲ ಮಗನ ಮೊಣಕಾಲು ಊದುತ್ತದೆ, ಎಕ್ಸ್‌ರೇ ಮಾತ್ರ ನಾರ್ಮಲ್

ಬನಹಟ್ಟಿ ಅವ್ವ · ಭಾನುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ನಾವು ಬನಹಟ್ಟಿಯವರು, ಮನೆಯಲ್ಲೇ ಮಗ್ಗ ಇದೆ. ಮಗನಿಗೆ 13 ವರ್ಷ, 8ನೇ ಕ್ಲಾಸು. ಕಬಡ್ಡಿ ಅಂದರೆ ಊಟ ನೀರು ಬೇಡ ಅವನಿಗೆ. ಹೋದ ದೀಪಾವಳಿ ಹೊತ್ತಿಗೆ ಬಲ ಮೊಣಕಾಲು ನೋವು ಅಂದ. ಎಲ್ಲಿ ಅಂತ ಕೇಳಿದರೆ ಬೆರಳಿಟ್ಟು ತೋರಿಸಲು ಬರುವುದಿಲ್ಲ. ಇಡೀ ಅಂಗೈ ಮೊಣಕಾಲ ಮೇಲಿಟ್ಟು "ಇಲ್ಲೆಲ್ಲೋ ಒಳಗೆ" ಅನ್ನುತ್ತಾನೆ. ಬಿದ್ದದ್ದು, ತಿರುಚಿದ್ದು ಏನೂ ನೆನಪಿಲ್ಲ. ಆಡಿದ ದಿನ ಸಂಜೆ ಸ್ವಲ್ಪ ಊದಿರುತ್ತದೆ. ಎರಡು ದಿನ ಆಟ ಬಿಟ್ಟರೆ ಇಳಿಯುತ್ತದೆ. ಮತ್ತೆ ಆಡಿದರೆ ಮತ್ತೆ ಅದೇ.

ಡಾಕ್ಟರ ಹತ್ತಿರ ಹೋಗಿದ್ದೆವು. ಮಲಗಿಸಿ ಒಂದು ಎಕ್ಸ್‌ರೇ ತೆಗೆದರು. ಎಲುಬು ಚೆನ್ನಾಗಿದೆ, ಬೆಳೆಯುವ ವಯಸ್ಸಿನ ನೋವು ಅಂತ ಹೇಳಿ 5 ದಿನದ ಮಾತ್ರೆ ಕೊಟ್ಟರು. ಮಾತ್ರೆ ಇರುವ ತನಕ ಆರಾಮ. ಈಗ 15 ದಿನದಿಂದ ಮೆಟ್ಟಿಲು ಇಳಿಯುವಾಗ ಕಾಲು ಒಮ್ಮೆಲೇ ಕೈ ಕೊಟ್ಟಂತಾಗುತ್ತದೆ ಅನ್ನುತ್ತಿದ್ದಾನೆ.

ಮುಂದಿನ ತಿಂಗಳು ತಾಲ್ಲೂಕು ತಂಡದ ಆಯ್ಕೆ ಇದೆ. ಆಡಿಸಲೋ ಬೇಡವೋ ತಿಳಿಯುತ್ತಿಲ್ಲ. ಒಂದು ಸಲ ನಾರ್ಮಲ್ ಅಂದಮೇಲೆ ಮತ್ಯಾಕೆ ಆಸ್ಪತ್ರೆ ಅಂತ ಮನೆಯಲ್ಲಿ ಕೇಳುತ್ತಾರೆ. ನನ್ನ ಮನಸ್ಸು ಒಪ್ಪುತ್ತಿಲ್ಲ. ಯಾರಾದರೂ ಇಂಥದ್ದು ಕಂಡಿದ್ದರೆ ದಯವಿಟ್ಟು ಹೇಳಿ.

ಜಮಖಂಡಿ ಸಂತೆ · ಭಾನುವಾರ ರಾತ್ರಿ

ಅಕ್ಕಾರೆ, ನಮ್ಮ ಕಡೆ ಎಲುಬು ಕೂಡಿಸುವ ಹಿರಿಯರು ಒಬ್ಬರಿದ್ದಾರೆ. ಎಣ್ಣೆ ಹಚ್ಚಿ ತಿಕ್ಕಿ, ಅರಿಶಿನ ಸುಣ್ಣದ ಪಟ್ಟು ಕಟ್ಟುತ್ತಾರೆ. ನನ್ನ ಕಾಲು ಉಳುಕಿದಾಗ ವಾರದಲ್ಲಿ ಗುಣವಾಗಿತ್ತು. ಒಮ್ಮೆ ತೋರಿಸಿ ನೋಡಿ.

ಮೈದಾನದ ಮಾಸ್ತರ · ಸೋಮವಾರ ಬೆಳಗ್ಗೆ

ತಂಗೀ, ನಾನು ವಿಜಯಪುರ ಜಿಲ್ಲೆಯಲ್ಲಿ ದೈಹಿಕ ಶಿಕ್ಷಕನಾಗಿದ್ದು ನಿವೃತ್ತನಾದವನು. ನಾನು ಡಾಕ್ಟರಲ್ಲ. ಆದರೆ ಮಕ್ಕಳು ಕುಂಟುವುದನ್ನು ಬಹಳ ನೋಡಿದ್ದೇನೆ.

ಬೆಳೆಯುವ ವಯಸ್ಸಿನ ನೋವು ಅನ್ನುವುದು ನಿಜವಾಗಿಯೂ ಇದೆ. ಆದರೆ ಅದರ ಚಹರೆ ಬೇರೆ. ಅದು ಬರುವುದು ಸಂಜೆ, ಇಲ್ಲವೇ ರಾತ್ರಿ ಮಲಗಿದ ಮೇಲೆ. ಎರಡೂ ಕಾಲಿಗೆ ಬರುತ್ತದೆ. ಮೀನಖಂಡ, ತೊಡೆ ನೋಯುತ್ತದೆ, ಕೀಲು ನೋಯುವುದಿಲ್ಲ. ತಾಯಿ ನಾಲ್ಕು ಸಲ ಒತ್ತಿದರೆ ಮಗು ನಿದ್ದೆ ಹೋಗುತ್ತದೆ, ಬೆಳಗ್ಗೆ ಎದ್ದು ಏನೂ ಆಗಿಲ್ಲ ಅನ್ನುವಂತೆ ಓಡುತ್ತದೆ. ಊದುವುದಿಲ್ಲ, ಕುಂಟುವುದಿಲ್ಲ. ನಿಮ್ಮ ಮಗನದು ಒಂದೇ ಕಾಲು, ಆಡಿದರೆ ಬರುತ್ತದೆ, ಮೇಲಾಗಿ ಊದುತ್ತದೆ. ಊದುವ ಮೊಣಕಾಲನ್ನು ಬೆಳೆಯುವ ನೋವು ಅಂತ ಬಿಡಬಾರದು.

ಒಂದು ಕೆಲಸ ಮಾಡಿ. ಅವನ ಎರಡೂ ಪಾದ ಒದ್ದೆ ಮಾಡಿ, ಒಣ ಫರಸಿ ಕಲ್ಲಿನ ನೆಲದ ಮೇಲೆ ಹತ್ತು ಹೆಜ್ಜೆ ನಡೆಸಿ. ಯಾಕೆ ಅಂತ ಹೇಳಬೇಡಿ, ಹೇಳಿದರೆ ಹುಡುಗರು ನೆಟ್ಟಗೆ ನಡೆಯುತ್ತಾರೆ. ಆಮೇಲೆ ಹೆಜ್ಜೆ ಗುರುತು ನೋಡಿ. ಎರಡೂ ಪಾದ ಒಂದೇ ಕೋನಕ್ಕೆ ಬಿದ್ದಿವೆಯಾ, ಒಂದು ಹೊರಗೆ ತಿರುಗಿದೆಯಾ?

ಇನ್ನೊಂದು. ಚಿಪ್ಪಿನ ಕೆಳಗೆ, ಮುಂಗಾಲ ಎಲುಬು ಶುರುವಾಗುವ ಕಡೆ ಗಂಟಿನಂತೆ ಎದ್ದು, ಅಲ್ಲೇ ಮುಟ್ಟಿದರೆ ನೋವಾ? ಜಿಗಿಯುವ ಹುಡುಗರಿಗೆ ಅದು ಬಹಳ ಸಾಮಾನ್ಯ, ಅದು ಬೇರೆ ತೊಂದರೆ, ಕಾಲ ಕಳೆದಂತೆ ಹೋಗುತ್ತದೆ. ಆದರೆ ಅಂಥ ಹುಡುಗರು ನೋವಿನ ಜಾಗಕ್ಕೆ ನೇರ ಬೆರಳಿಡುತ್ತಾರೆ. ನಿಮ್ಮವನು ಅಂಗೈ ಇಡುತ್ತಾನೆ ಅಂದಿರಿ. ಅದಕ್ಕೇ ಕೇಳಿದೆ.

ಬನಹಟ್ಟಿ ಅವ್ವ · ಸೋಮವಾರ ಸಂಜೆ

ಸರ್, ಈಗಷ್ಟೇ ನಡೆಸಿದೆ. ಎಡಗಾಲು ನೆಟ್ಟಗೆ ಬಿದ್ದಿದೆ. ಬಲಗಾಲಿನ ಬೆರಳೆಲ್ಲ ಹೊರಗಡೆ ತಿರುಗಿವೆ. ಒಂದೊಂದು ಹೆಜ್ಜೆಯೂ ಹಾಗೇ. ಇಷ್ಟು ದಿನ ಕಣ್ಣ ಮುಂದೆ ನಡೆದಾಡುತ್ತಿದ್ದ, ನನಗೆ ಕಾಣಲೇ ಇಲ್ಲ. ಚಿಪ್ಪಿನ ಕೆಳಗೆ ಮುಟ್ಟಿದರೆ ನೋವಿಲ್ಲ.

ಫಿಸಿಯೊ ಬೆಳಗಾವಿ · ಸೋಮವಾರ ರಾತ್ರಿ

ಅಕ್ಕಾ, ನಾನು ಫಿಸಿಯೊಥೆರಪಿಸ್ಟ್. ಮೊದಲಿಗೆ, ಸದ್ಯ ಕಬಡ್ಡಿ ಬೇಡ. ಓಟ, ಜಿಗಿತ, ಕುಕ್ಕರಗಾಲಲ್ಲಿ ಕೂರುವುದು ಬೇಡ. ಇದು ಏನು ಅಂತ ಗೊತ್ತಾಗುವ ತನಕ ಅಷ್ಟೇ.

ಜಮಖಂಡಿ ಅಣ್ಣಾ, ನೀವು ಒಳ್ಳೇ ಮನಸ್ಸಿನಿಂದ ಹೇಳಿದ್ದೀರಿ. ಉಳುಕಿಗೂ ಇದಕ್ಕೂ ವ್ಯತ್ಯಾಸ ಇದೆ. ಉಳುಕಿದ ಕಾಲು ತಾನಾಗಿಯೂ ವಾಸಿಯಾಗುತ್ತದೆ. ಇಲ್ಲಿ ಕೀಲಿನ ಒಳಗೆ ಎಲುಬಿನ ಚೂರು ಸಡಿಲವಾಗುತ್ತಿದ್ದರೆ, ತಿಕ್ಕುವುದು ಎಳೆಯುವುದು ಅದನ್ನು ಕಿತ್ತು ಹಾಕಬಹುದು. ದಯವಿಟ್ಟು ಈ ಕಾಲಿಗೆ ಬೇಡ.

ಅಕ್ಕಾ, ಮನೆಯಲ್ಲಿ ಟೇಪ್ ಇರಬೇಕಲ್ವಾ? ಚಿಪ್ಪಿನ ಮೇಲಂಚಿನಿಂದ 10 ಸೆಂ.ಮೀ. ಮೇಲಕ್ಕೆ ಪೆನ್ನಿನಿಂದ ಗುರುತು ಮಾಡಿ. ಎರಡೂ ತೊಡೆಯ ಸುತ್ತಳತೆ ಅಲ್ಲಿ ತೆಗೆಯಿರಿ. ತೊಡೆ ಸಡಿಲ ಬಿಟ್ಟು ಕೂತಿರಬೇಕು. ನೋಯುವ ಮೊಣಕಾಲಿನ ಮೇಲಿನ ಸ್ನಾಯು ಬೇಗ ಬತ್ತುತ್ತದೆ. ಹುಡುಗ ನೋವಿಲ್ಲ ಅಂದರೂ ಟೇಪ್ ನಿಜ ಹೇಳುತ್ತದೆ.

ಬನಹಟ್ಟಿ ಅವ್ವ · ಸೋಮವಾರ ರಾತ್ರಿ

ಎಡ 39, ಬಲ 37 ಮತ್ತೆ ಅರ್ಧ. ಆಟ ಬೇಡ ಅಂದಿದ್ದಕ್ಕೆ ಊಟ ಬಿಟ್ಟು ಮಲಗಿದ್ದಾನೆ.

ಎಲುಬು ಡಾಕ್ಟರ್ · ಸೋಮವಾರ ರಾತ್ರಿ

ನಾನು ಎಲುಬು ಕೀಲಿನ ವೈದ್ಯ. ಮುಟ್ಟಿ ನೋಡದೆ ಇದೇ ರೋಗ ಅಂತ ಹೇಳಲಾರೆ. ಆದರೆ ಈ ಅಳತೆ, ಈ ಹೆಜ್ಜೆ ಗುರುತು ನೋಡಿದ ಮೇಲೆ ಸುಮ್ನೆ ಕೂರುವುದು ಸರಿಯಲ್ಲ. ಈ ವಾರವೇ ಎಲುಬಿನ ಡಾಕ್ಟರಿಗೆ ತೋರಿಸಿ.

ಮೊದಲು ಒಂದು ಎಚ್ಚರಿಕೆ. 10ರಿಂದ 16 ವರ್ಷದ ಮಗು ಮೊಣಕಾಲು ನೋವು ಅಂದು, ಪಾದ ಹೊರಗೆ ತಿರುಗಿಸಿ ಕುಂಟಿದರೆ, ನಾವು ಮೊದಲು ಸೊಂಟದ ಕೀಲು ನೋಡುತ್ತೇವೆ. ತೊಡೆಯೆಲುಬಿನ ಮೇಲಿನ ಗುಂಡು ಜಾರುವ ತೊಂದರೆಯೊಂದಿದೆ. ಅದರ ನೋವು ಎಷ್ಟೋ ಸಲ ಮೊಣಕಾಲಿಗೆ ಬರುತ್ತದೆ. ಅದು ಕಾಯುವ ರೋಗವಲ್ಲ, ಅವತ್ತೇ ಅಡ್ಮಿಟ್ ಮಾಡುತ್ತೇವೆ. ನಾಳೆ ಅವನನ್ನು ಅಂಗಾತ ಮಲಗಿಸಿ, ಮೊಣಕಾಲು ಎದೆ ಕಡೆಗೆ ಮಡಿಸಿ. ಮಡಿಸುವಾಗ ಬಲಗಾಲು ತಾನಾಗಿ ಹೊರಗೆ ಜಾರಿದರೆ, ಅಥವಾ ಒಳಗೆ ತಿರುಗಿಸಲು ಬಿಡದಿದ್ದರೆ, ಒಂದು ಗಂಟೆಯೂ ತಡ ಮಾಡಬೇಡಿ. ಕಾಲ ಮೇಲೆ ಭಾರ ಹಾಕಿಸದೆ ಕರೆದುಕೊಂಡು ಹೋಗಿ.

ಜ್ವರ, ತೂಕ ಇಳಿಯುವುದು, ಆಡದಿದ್ದರೂ ರಾತ್ರಿ ನಿದ್ದೆ ಕೆಡಿಸುವ ನೋವು, ಬಿಸಿಯಾಗಿ ಕೆಂಪಾದ ಕೀಲು, ಇವಿದ್ದರೂ ತಡ ಬೇಡ. ಕೀಲಿನ ಸೋಂಕು, ಕೀಲಿನ ಟಿಬಿ, ಎಲುಬಿನ ಗಡ್ಡೆ ಎಲ್ಲವೂ ಈ ವಯಸ್ಸಿನಲ್ಲಿ ಬರಬಹುದು. ಅಪರೂಪ, ಆದರೆ ನೋಡಲೇಬೇಕು.

ಇವೆಲ್ಲ ಇಲ್ಲ ಅಂತಾದರೆ ನನ್ನ ತಲೆಯಲ್ಲಿ ಬರುವ ಹೆಸರು ಆಸ್ಟಿಯೊಕಾಂಡ್ರೈಟಿಸ್ ಡಿಸೆಕನ್ಸ್. ಹೆಸರು ಉದ್ದ, ವಿಷಯ ಸರಳ. ನಮ್ಮ ಕಡೆ ಎರೆಮಣ್ಣಿನ ಮೇಲೆ ಫರಸಿ ಹಾಕಿದ ಮನೆ ನೋಡಿದ್ದೀರಲ್ವಾ? ಕೆಳಗೆ ಮಣ್ಣು ಕುಸಿಯುತ್ತದೆ. ಮೇಲೆ ಕಲ್ಲು ಚೆನ್ನಾಗಿಯೇ ಕಾಣುತ್ತದೆ. ಕೆಲವು ದಿನಕ್ಕೆ ಕಾಲಿಟ್ಟರೆ ಕಲ್ಲು ಅಲುಗುತ್ತದೆ. ಆಮೇಲೆ ಅಂಚು ಬಿರುಕು ಬಿಡುತ್ತದೆ. ಕೊನೆಗೆ ಕಲ್ಲು ಎದ್ದೇ ಬರುತ್ತದೆ. ಮೊಣಕಾಲಿನಲ್ಲಿ ಫರಸಿ ಅಂದರೆ ಎಲುಬಿನ ತುದಿಗೆ ಹೊದ್ದಿರುವ ನುಣುಪಾದ ಕಾರ್ಟಿಲೇಜ್. ಮಣ್ಣು ಅಂದರೆ ಅದರ ಕೆಳಗಿನ ಎಲುಬು. ಒಂದು ಸಣ್ಣ ಜಾಗದಲ್ಲಿ ಆ ಎಲುಬಿಗೆ ರಕ್ತ ಸಾಲದೆ, ಪದೇ ಪದೇ ಪೆಟ್ಟು ಬಿದ್ದು ಸೊರಗುತ್ತದೆ. ಕಾರಣ ಪೂರ್ತಿ ಒಂದೇ ಅಂತ ಹೇಳಲಾಗದು. ಜಾಸ್ತಿ ಆಡುವ ಮಕ್ಕಳಲ್ಲಿ ಹೆಚ್ಚು, ಕೆಲವು ಮನೆತನಗಳಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಬರುವುದೂ ಇದೆ. ಈ ಹೆಸರಿಟ್ಟವರು ಜರ್ಮನಿಯ ಸರ್ಜನ್ ಫ್ರಾನ್ಸ್ ಕೋನಿಗ್, 1887ರಲ್ಲಿ. ಉರಿಯೂತದಿಂದ ಚೂರು ಬೇರ್ಪಡುತ್ತದೆ ಅಂತ ಅವರು ತಿಳಿದಿದ್ದರು. ಉರಿಯೂತ ಮುಖ್ಯ ಕಾರಣ ಅಲ್ಲ ಅಂತ ಆಮೇಲೆ ಗೊತ್ತಾಯಿತು. ಹೆಸರು ಮಾತ್ರ ಹಾಗೇ ಉಳಿಯಿತು.

ಕಾರ್ಟಿಲೇಜಿಗೆ ನರ ಇಲ್ಲ. ಅದಕ್ಕೇ ಶುರುವಿನಲ್ಲಿ ನೋವು ಮಂಕು ಮಂಕಾಗಿ, ಎಲ್ಲೋ ಒಳಗೆ ಅನ್ನುವಂತಿರುತ್ತದೆ.

ಈಗ ಎಕ್ಸ್‌ರೇ ಮಾತು. ಇದನ್ನು ದಯವಿಟ್ಟು ಗಮನವಿಟ್ಟು ಓದಿ. ತೊಡೆಯೆಲುಬಿನ ಕೆಳತುದಿಯಲ್ಲಿ ಎರಡು ಗುಂಡು ಇವೆ. ಈ ರೋಗ ಹೆಚ್ಚಾಗಿ ಬರುವುದು ಒಳಮಗ್ಗುಲ ಗುಂಡಿನಲ್ಲಿ, ಅದೂ ನಡುವಿನ ಕಣಿವೆಗೆ ತಾಗಿದ ಬದಿಯಲ್ಲಿ, ಸ್ವಲ್ಪ ಹಿಂದಕ್ಕೆ. ಕಾಲು ನೆಟ್ಟಗೆ ಚಾಚಿ ಮುಂದಿನಿಂದ ತೆಗೆದರೆ ಆ ಜಾಗ ಎಷ್ಟೋ ಸಲ ಮರೆಯಾಗುತ್ತದೆ. ಮೊಣಕಾಲು ಮಡಿಸಿ ತೆಗೆಯುವ ಎಕ್ಸ್‌ರೇ ಬೇರೆ ಇದೆ. ನಾಚ್ ವ್ಯೂ ಅಥವಾ ಟನಲ್ ವ್ಯೂ ಅನ್ನುತ್ತಾರೆ. ಕಣಿವೆ ಅದರಲ್ಲಿ ಬಿಚ್ಚಿಕೊಂಡು ಕಾಣುತ್ತದೆ. ಮುಂದಿನಿಂದ, ಪಕ್ಕದಿಂದ, ಚಿಪ್ಪಿಗೆ ಒಂದು, ನಾಚ್ ಒಂದು, ಒಟ್ಟು ನಾಲ್ಕು ಬೇಕು. ಎರಡೂ ಮೊಣಕಾಲಿಗೆ ತೆಗೆಸಿ. ಇದು ಇನ್ನೊಂದು ಕಾಲಿನಲ್ಲಿ ನೋವೇ ಇಲ್ಲದೆ ಅಡಗಿರುವುದುಂಟು. ಜೊತೆಗೆ ಸಣ್ಣ ಮಕ್ಕಳ ಎಲುಬು ಬೆಳೆಯುವಾಗ ಕೆಲವೊಮ್ಮೆ ಅಂಚು ಒರಟಾಗಿ ರೋಗದಂತೆಯೇ ಕಾಣುತ್ತದೆ, ಇನ್ನೊಂದು ಕಾಲು ನೋಡಿದರೆ ಗೊತ್ತಾಗುತ್ತದೆ.

ಕಾರ್ಟಿಲೇಜ್ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಕಲ್ಲು ಭದ್ರವಾಗಿದೆಯೋ ಅಲುಗುತ್ತಿದೆಯೋ ಅಂತ ತಿಳಿಯಲು ಎಂಆರ್‌ಐ ಬೇಕಾಗುತ್ತದೆ. ಆದರೆ ಎಂಆರ್‌ಐ ಮೊದಲ ಹೆಜ್ಜೆಯಲ್ಲ. ನೇರ ಅಲ್ಲಿಗೆ ಹೋಗಿ ದುಡ್ಡು ಕಳೆಯಬೇಡಿ.

ಸಿಂದಗಿ ರೈತ · ಮಂಗಳವಾರ ಬೆಳಗ್ಗೆ

ಡಾಕ್ಟರೇ, ನಮ್ಮ ಬೋರಿನ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಅಂತಾರೆ. ಮಕ್ಕಳ ಹಲ್ಲು ಕಂದು ಬಣ್ಣ. ಇದು ಅದರಿಂದ ಬರುತ್ತದಾ?

ಎಲುಬು ಡಾಕ್ಟರ್ · ಮಂಗಳವಾರ ಮಧ್ಯಾಹ್ನ

ಇಲ್ಲ ಅಣ್ಣಾ, ಇದು ಬೇರೆ. ಫ್ಲೋರೈಡ್ ಎಲುಬಿಗೆ ಹಿಡಿಯಲು ಬಹಳ ವರ್ಷ ಬೇಕು. ಹಿಡಿದರೆ ಬೆನ್ನು, ಕುತ್ತಿಗೆ, ಸೊಂಟ ಬಿಗಿಯುತ್ತದೆ. ಒಂದೇ ಮೊಣಕಾಲಿನ ಒಂದೇ ಜಾಗ ಕೆಡುವುದಿಲ್ಲ. ಆದರೆ ಮಕ್ಕಳ ಹಲ್ಲು ಕಂದಾಗಿದೆ ಅಂದರೆ ನೀರು ಪರೀಕ್ಷೆ ಮಾಡಿಸಲೇಬೇಕು. ಲೀಟರಿಗೆ 1.5 ಮಿ.ಗ್ರಾಂ. ದಾಟಿದರೆ ಕುಡಿಯಲು, ಅಡಿಗೆಗೆ ಬೇರೆ ನೀರು ಬಳಸಿ. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ.

ಹಳೇ ಪೈಲ್ವಾನ · ಮಂಗಳವಾರ ರಾತ್ರಿ

ಅಕ್ಕಾ, ನಿಮ್ಮ ಪೋಸ್ಟು ನಿನ್ನೆಯಿಂದ ನಾಲ್ಕು ಸಲ ಓದಿದೆ. ನನ್ನ ಕಥೆ ಹೇಳದೆ ಇರಲು ಆಗುತ್ತಿಲ್ಲ.

ನಾನು ಬೈಲಹೊಂಗಲ ಕಡೆಯವನು. ಈಗ 29. 11ನೇ ವಯಸ್ಸಿಗೆ ಗರಡಿ ಮನೆಗೆ ಹೋದೆ. 15ರ ಹೊತ್ತಿಗೆ ದಿನಕ್ಕೆ 500 ಬೈಠಕ್ ಹೊಡೆಯುತ್ತಿದ್ದೆ. ಎಡ ಮೊಣಕಾಲು ನೋಯುತ್ತಿತ್ತು. ಯಾರಿಗೂ ಹೇಳಲಿಲ್ಲ. ಗರಡಿಯಲ್ಲಿ ನೋವು ಅಂದರೆ ಎಳೆಯವನು ಅನ್ನುತ್ತಾರೆ ಅಂತ ಹೆದರಿಕೆ. ಊದಿದ ದಿನ ಬಿಗಿಯಾಗಿ ಪಟ್ಟಿ ಸುತ್ತಿ ಮಣ್ಣಿಗಿಳಿಯುತ್ತಿದ್ದೆ. ಅಪ್ಪನಿಗೆ ಗೊತ್ತಾಗಿ ಒಂದು ಕಡೆ ತೋರಿಸಿದರು. ಮುಟ್ಟಿಯೂ ನೋಡದೆ ನರ ಎಳೆದಿದೆ ಅಂತ ಕಳಿಸಿದರು. ಮುಂದಿನ ಎರಡು ವರ್ಷ ಕೀಲಿಗೆ ಇಂಜೆಕ್ಷನ್ ತಗೊಂಡು ಆಡಿದೆ. ಯಾರೋ ಹೇಳಿದರು, ಯಾರೋ ಚುಚ್ಚಿದರು. ಅದರಿಂದ ನೋವು ಮಾತ್ರ ಮುಚ್ಚಿತು.

19ನೇ ವಯಸ್ಸು. ಸೋದರಮಾವನ ಮನೆ ಮದುವೆ. ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂತಿದ್ದೆ. ಏಳಲು ಹೋದರೆ ಕಾಲು ಬಿಚ್ಚಲಿಲ್ಲ. ಮಡಿಸಿದ್ದು ಮಡಿಸಿದಂತೆ ಹಿಡಿದುಕೊಂಡಿತು. ಇಬ್ಬರು ಎತ್ತಿ ಕೋಣೆಗೆ ಒಯ್ದರು. ಅರ್ಧ ಗಂಟೆ ಬೆವರಿದೆ. ಆಮೇಲೆ ಒಳಗೆ ಟಕ್ ಅಂದು ತಾನಾಗಿ ಬಿಟ್ಟಿತು. ಅವತ್ತು ರಾತ್ರಿ ಚಿಪ್ಪಿನ ಪಕ್ಕ ಕೈಯಾಡಿಸಿದಾಗ ಹುಣಸೆ ಬೀಜದಷ್ಟು ಏನೋ ಸಿಕ್ಕಿತು. ಒತ್ತಿದರೆ ಜಾರಿ ಒಳಗೆ ಹೋಯಿತು. ಮರುದಿನ ಇನ್ನೊಂದು ಬದಿಯಲ್ಲಿ ಸಿಕ್ಕಿತು. ಡಾಕ್ಟರುಗಳು ಅದಕ್ಕೆ ಕೀಲಿನ ಇಲಿ ಅನ್ನುತ್ತಾರಂತೆ. ಹಾಗೇ ಓಡಾಡುತ್ತದೆ ಅದು.

ಬೆಳಗಾವಿಯಲ್ಲಿ ದುರ್ಬೀನು ಹಾಕಿ ಆಪರೇಷನ್ ಮಾಡಿದರು. ಚೂರು ಬಿದ್ದು ಬಹಳ ದಿನ ಆಗಿತ್ತು. ಅಂಚು ದುಂಡಾಗಿ ಬೆಳೆದಿತ್ತು. ಹಳೇ ಜಾಗಕ್ಕೆ ಕೂರಲಿಲ್ಲ. ತೆಗೆದು ಹಾಕಿ, ಗುಂಡಿಯ ತಳದ ಎಲುಬಿಗೆ ಸಣ್ಣ ಸಣ್ಣ ತೂತು ಮಾಡಿದರು, ರಕ್ತ ಬಂದು ಗಾಯದ ಕಾರ್ಟಿಲೇಜ್ ತುಂಬಲಿ ಅಂತ. ತುಂಬಿತು. ಆದರೆ ಅದು ಹುಟ್ಟಿನಿಂದ ಬಂದದ್ದರಷ್ಟು ಗಟ್ಟಿ ಅಲ್ಲ. ಈಗ ನಡೆಯುತ್ತೇನೆ, ಬೈಕ್ ಓಡಿಸುತ್ತೇನೆ. ಕುಸ್ತಿ ಮುಗಿಯಿತು. ಬೆಳಗಾವಿಯ ಆನಂದವಾಡಿಯಲ್ಲಿ ಕುಸ್ತಿ ಇದ್ದರೆ ನೋಡಲು ಹೋಗುತ್ತೇನೆ. ಗ್ಯಾಲರಿಯಲ್ಲಿ ಕೂತರೂ ತೊಡೆ ಬಿಗಿಯುತ್ತದೆ.

ನನಗೆ 15ರಲ್ಲಿ ಯಾರಾದರೂ ಮೊಣಕಾಲು ಮಡಿಸಿ ಒಂದು ಎಕ್ಸ್‌ರೇ ತೆಗೆದಿದ್ದರೆ ಸಾಕಿತ್ತು. ನಿಮ್ಮ ಮಗನನ್ನು ಬೈಯಬೇಡಿ. ಆಟ ತಪ್ಪುತ್ತದೆ ಅಂತ ಅವನು ನೋವು ಕಡಿಮೆ ಹೇಳುತ್ತಿರಬಹುದು. ನಾನೂ ಹಾಗೇ ಮಾಡಿದ್ದೆ. ಅವನ ಜೊತೆ ಮಾತಾಡಬೇಕು ಅಂದರೆ ನಾನು ಫೋನಿನಲ್ಲಿ ಮಾತಾಡುತ್ತೇನೆ.

ಗೋಕಾಕ ಅಮ್ಮ · ಮಂಗಳವಾರ ರಾತ್ರಿ

ಓದಿ ಕಣ್ಣು ತುಂಬಿತು ತಮ್ಮಾ. ನಮ್ಮ ಮಗಳಿಗೆ ಇದು ಮೊಣಕೈಯಲ್ಲಿ ಬಂದಿತ್ತು, 12 ವರ್ಷಕ್ಕೆ. ಜಿಮ್ನಾಸ್ಟಿಕ್ಸ್ ಮಾಡುತ್ತಿದ್ದಳು. ಕೈ ಪೂರ್ತಿ ಚಾಚಲು ಆಗುತ್ತಿರಲಿಲ್ಲ, ಅದೇ ಮೊದಲ ಗುರುತು. ಅಂಗೈ ಊರಿ ಭಾರ ಹಾಕುವ ಆಟಗಳಲ್ಲಿ, ಎಸೆಯುವ ಆಟಗಳಲ್ಲಿ ಅಲ್ಲಿ ಬರುತ್ತದಂತೆ. ಬೇಗ ಗೊತ್ತಾಗಿ ಆಪರೇಷನ್ ಇಲ್ಲದೆ ವಾಸಿಯಾಯಿತು.

ಬನಹಟ್ಟಿ ಅವ್ವ · 9 ದಿನದ ನಂತರ

ಎಲ್ಲರಿಗೂ ಹೇಳಬೇಕು, ಅದಕ್ಕೇ ಬರೆಯುತ್ತಿದ್ದೇನೆ. ಬಾಗಲಕೋಟೆಗೆ ಹೋಗಿದ್ದೆವು. ಅಲ್ಲಿಯ ಡಾಕ್ಟರು ಮೊಣಕಾಲು ಮುಟ್ಟುವ ಮೊದಲೇ ಸೊಂಟದ ಕೀಲು ತಿರುಗಿಸಿ ನೋಡಿದರು. ಇಲ್ಲಿ ಓದಿದ್ದರಿಂದ ನನಗೆ ಯಾಕೆ ಅಂತ ಅರ್ಥವಾಯಿತು. ಸೊಂಟ ಚೆನ್ನಾಗಿದೆ ಅಂದಾಗ ಅರ್ಧ ಜೀವ ಬಂತು.

ಆಮೇಲೆ ಚಿಪ್ಪಿನ ಸುತ್ತ ಒತ್ತಿ ನೀರು ತುಂಬಿದೆಯಾ ಅಂತ ನೋಡಿದರು. ಸ್ವಲ್ಪ ಇತ್ತು. ಮೊಣಕಾಲು ಪೂರ್ತಿ ಮಡಿಸಿ, ಚಿಪ್ಪಿನ ಒಳಮಗ್ಗುಲಲ್ಲಿ ಹೆಬ್ಬೆರಳಿನಿಂದ ಒಂದೊಂದೇ ಕಡೆ ಒತ್ತುತ್ತಾ ಹೋದರು. ಒಂದು ಕಡೆ ಮಗ ಚೀರಿದ. ಇಷ್ಟು ತಿಂಗಳು ಅಂಗೈ ಇಟ್ಟವನು ಅವತ್ತು ಮೊದಲ ಸಲ ಬೆರಳಿಟ್ಟು ಇಲ್ಲೇ ಅಂದ. ಕಾಲು ಮಡಿಸಿ, ಮುಂಗಾಲನ್ನು ಒಳಗೆ ತಿರುಗಿಸಿ, ನಿಧಾನಕ್ಕೆ ನೆಟ್ಟಗೆ ಮಾಡಿಸಿದರು. ಇನ್ನೇನು ನೆಟ್ಟಗಾಗಬೇಕು ಅನ್ನುವಾಗ ನೋವು ಅಂದ. ಹೊರಗೆ ತಿರುಗಿಸಿದ ಕೂಡಲೇ ಹೋಯಿತು.

ನಾಲ್ಕು ಎಕ್ಸ್‌ರೇ, ಎರಡೂ ಕಾಲಿಗೆ. ಹಳೇ ಫಿಲ್ಮನ್ನೂ ಒಯ್ದಿದ್ದೆ. ಹಳೆಯದರಲ್ಲಿ ನನಗಂತೂ ಏನೂ ಕಾಣಲಿಲ್ಲ. ಮಡಿಸಿ ತೆಗೆದದ್ದರಲ್ಲಿ, ಒಳಗಿನ ಗುಂಡಿನ ಅಂಚಿಗೆ ಉಗುರಿನಿಂದ ಗೀರಿದಂತೆ ಅರ್ಧ ಚಂದ್ರನ ಕಪ್ಪು ಗೆರೆ. ಎಡಗಾಲು ಶುದ್ಧ. ಆಮೇಲೆ ಎಂಆರ್‌ಐ ಬರೆದುಕೊಟ್ಟರು. ಅದರಲ್ಲಿ ಮೇಲಿನ ಕಾರ್ಟಿಲೇಜ್ ಹರಿದಿಲ್ಲ, ಚೂರಿನ ಕೆಳಗೆ ನೀರು ನುಗ್ಗಿಲ್ಲ ಅಂತ ಬಂದಿದೆ. ಫರಸಿ ಇನ್ನೂ ಕೂತಿದೆ ಅಂತ ಅರ್ಥ, ಹೌದಲ್ವಾ ಡಾಕ್ಟರೇ?

ಎಲುಬು ಡಾಕ್ಟರ್ · ಅದೇ ದಿನ ರಾತ್ರಿ

ಹೌದಮ್ಮಾ, ಅದೇ ಅರ್ಥ. ಕೆಳಗೆ ನೀರಿನ ಬಿಳಿ ಗೆರೆ ಪೂರ್ತಿ ಸುತ್ತಿಕೊಂಡಿದ್ದರೆ, ಮೇಲೆ ಬಿರುಕಿದ್ದರೆ, ಕಲ್ಲು ಸಡಿಲ ಅಂತ ತಿಳಿಯುತ್ತೇವೆ. ನಿಮ್ಮದು ಹಾಗಿಲ್ಲ. ರಿಪೋರ್ಟಿನಲ್ಲಿ ಬೆಳವಣಿಗೆಯ ಪದರ ತೆರೆದಿದೆ ಅಂತಲೂ ಇರಬೇಕು. ಎಲುಬು ಇನ್ನೂ ಉದ್ದ ಬೆಳೆಯುತ್ತಿದೆ ಅಂತ ಅದರ ಅರ್ಥ. ಇದು ಬಹಳ ದೊಡ್ಡ ಸಂಗತಿ. ಹುಡುಗರಲ್ಲಿ ಸುಮಾರು 16ರ ಹೊತ್ತಿಗೆ ಆ ಪದರ ಮುಚ್ಚುತ್ತದೆ, ಹುಡುಗಿಯರಲ್ಲಿ ಇನ್ನೂ ಮುಂಚೆ. ಮುಚ್ಚುವ ಮೊದಲು ಸಿಕ್ಕ ಗಟ್ಟಿ ಚೂರುಗಳಲ್ಲಿ ಅರ್ಧಕ್ಕಿಂತ ಜಾಸ್ತಿ, ಆಟ ಬಿಟ್ಟು ಕಾಲಿಗೆ ಬಿಡುವು ಕೊಟ್ಟರೆ ತಾವಾಗಿ ಕೂಡಿಕೊಳ್ಳುತ್ತವೆ. ಮುಚ್ಚಿದ ಮೇಲೆ ಆ ಅವಕಾಶ ತೀರಾ ಕಡಿಮೆ.

ಬನಹಟ್ಟಿ ಅವ್ವ · ಅದೇ ದಿನ ರಾತ್ರಿ

ಪದರ ತೆರೆದಿದೆ ಅಂತ ಬರೆದಿದ್ದಾರೆ. 6 ವಾರ ಊರುಗೋಲು, ಆಮೇಲೆ ಬ್ರೇಸ್, ಒಟ್ಟು ಆಟ 6 ತಿಂಗಳು ಇಲ್ಲ ಅಂದರು. ಮಗ ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಅಳುತ್ತಾ ಬಂದ. ವಿಟಮಿನ್ ಡಿ ಕಡಿಮೆ ಇತ್ತು, ಅದಕ್ಕೆ ಔಷಧಿ ಕೊಟ್ಟಿದ್ದಾರೆ.

ಇಳಕಲ್ ಮಗ್ಗ · ಮರುದಿನ

ಅಕ್ಕಾ, ಆರು ತಿಂಗಳು ಕಾಯುವ ಬದಲು ಈಗಲೇ ಆಪರೇಷನ್ ಮಾಡಿಸಿ ಮುಗಿಸಬಾರದಾ? ಮಗ ಬೇಗ ಆಟಕ್ಕೆ ಮರಳುತ್ತಾನಲ್ವಾ?

ಎಲುಬು ಡಾಕ್ಟರ್ · ಮರುದಿನ

ಗಟ್ಟಿ ಕೂತಿರುವ ಚೂರಿಗೆ ಮೊದಲು ಕೈ ಹಾಕುವುದಿಲ್ಲ. 3ರಿಂದ 6 ತಿಂಗಳು ನೋಡುತ್ತೇವೆ. ಎಕ್ಸ್‌ರೇಯಲ್ಲಿ ಕೂಡುವ ಲಕ್ಷಣ ಕಾಣದಿದ್ದರೆ ಆಗ ದುರ್ಬೀನು ಹಾಕಿ, ಸೊರಗಿದ ಎಲುಬಿಗೆ ಸಣ್ಣ ತೂತು ಕೊರೆದು ರಕ್ತಕ್ಕೆ ದಾರಿ ಮಾಡುತ್ತೇವೆ. ಅಲುಗುವ ಚೂರಾದರೆ ಸ್ಕ್ರೂ ಅಥವಾ ಪಿನ್ ಹಾಕಿ ಕೂರಿಸುತ್ತೇವೆ. ಬಿದ್ದುಹೋದ ಚೂರಿನ ಮಾತು ಪೈಲ್ವಾನರು ಹೇಳಿಯೇ ಇದ್ದಾರೆ. ಆಪರೇಷನ್ ಮಾಡಿದರೂ ಎಲುಬು ಕೂಡಲು ತಿಂಗಳುಗಳೇ ಬೇಕು. ಆಟಕ್ಕೆ ಬೇಗ ಮರಳುವ ಅಡ್ಡದಾರಿ ಇದರಲ್ಲಿಲ್ಲ.

ಖರ್ಚಿನ ಬಗ್ಗೆ ಕೆಲವರು ಖಾಸಗಿಯಾಗಿ ಕೇಳಿದ್ದೀರಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ, ಯಾವುದಕ್ಕೆ ಅನ್ವಯಿಸುತ್ತದೆ ಅಂತ ಅಲ್ಲೇ ಕೇಳಿ.

ಫಿಸಿಯೊ ಬೆಳಗಾವಿ · ಮರುದಿನ

ಅಕ್ಕಾ, ಬಿಡುವು ಅಂದರೆ ಮಲಗಿಸುವುದಲ್ಲ. ತೊಡೆ ಇನ್ನೂ ಬತ್ತಿಬಿಡುತ್ತದೆ. ನಿಮ್ಮ ಡಾಕ್ಟರು ಒಪ್ಪಿದರೆ, ಕಾಲು ನೆಟ್ಟಗಿಟ್ಟು ತೊಡೆ ಬಿಗಿ ಹಿಡಿದು 5 ಎಣಿಸಿ ಬಿಡುವುದು, ನೆಟ್ಟಗಿನ ಕಾಲನ್ನು ಮೇಲೆತ್ತುವುದು ಇವತ್ತಿನಿಂದಲೇ ಶುರು ಮಾಡಿಸಿ. ನೆಲದ ಮೇಲೆ ಚಕ್ಕಳಮಕ್ಕಳ ಬೇಡ, ಊಟಕ್ಕೆ ಕುರ್ಚಿ ಕೊಡಿ. ಶೌಚಕ್ಕೆ ಕುಕ್ಕರಗಾಲು ಬೇಡ, ಮೇಲಿಟ್ಟು ಕೂರಲು ನಡುವೆ ತೂತಿರುವ ಸ್ಟೂಲ್ ಸಿಗುತ್ತದೆ. ಇದನ್ನು ಡಾಕ್ಟರು ಹೇಳಲು ಮರೆಯುತ್ತಾರೆ, ನಮ್ಮ ಮನೆಗಳಲ್ಲಿ ದಿನಕ್ಕೆ ಹೆಚ್ಚು ಮೊಣಕಾಲು ಮಡಿಯುವುದೇ ಇಲ್ಲಿ.

ಮೈದಾನದ ಮಾಸ್ತರ · ಮರುದಿನ ಸಂಜೆ

ತಂಗೀ, ಅವನನ್ನು ಮೈದಾನದಿಂದ ಪೂರ್ತಿ ದೂರ ಇಡಬೇಡಿ. ಶಾಲೆಯ ಮಾಸ್ತರರಿಗೆ ಹೇಳಿ ಸ್ಕೋರ್ ಬರೆಯಲು ಕೂರಿಸಿ. ಬೋನಸ್ ಗೆರೆ, ಲೋನಾ, ರೈಡಿನ 30 ಸೆಕೆಂಡು ಎಲ್ಲ ಅವನೇ ನೋಡಲಿ. ಹೊರಗೆ ಕೂತು ಆಟ ನೋಡಿದ ಹುಡುಗ ಒಳಗೆ ಬಂದಾಗ ಎದುರಾಳಿಯ ಕಾಲು ಮೊದಲು ನೋಡುತ್ತಾನೆ. ನಾನು ಕಂಡಿದ್ದೇನೆ.

ಹಳೇ ಪೈಲ್ವಾನ · ಮರುದಿನ ರಾತ್ರಿ

ಇವತ್ತು ನಿಮ್ಮ ಮಗನ ಜೊತೆ ಮಾತಾಡಿದೆ ಅಕ್ಕಾ. ಮೊದಲು ಸುಮ್ಮನಿದ್ದ. ಆಮೇಲೆ "ಅಣ್ಣಾ, ಆ ಬೀಜ ಒಳಗೆ ಓಡಾಡುವಾಗ ಹೇಗನಿಸುತ್ತಿತ್ತು" ಅಂತ ಕೇಳಿದ. ಇದ್ದದ್ದು ಇದ್ದ ಹಾಗೆ ಹೇಳಿದೆ. ಊರುಗೋಲು ಬಿಡುವುದಿಲ್ಲ ಅಂತ ಮಾತು ಕೊಟ್ಟಿದ್ದಾನೆ.

ಬನಹಟ್ಟಿ ಅವ್ವ · 4 ತಿಂಗಳ ನಂತರ

ಇವತ್ತು ಮೂರನೇ ಎಕ್ಸ್‌ರೇ ಆಯಿತು. ಕಪ್ಪು ಗೆರೆ ಮಾಸಿದೆ, ಹೊಸ ಎಲುಬು ತುಂಬುತ್ತಿದೆ ಅಂದರು. ಪೂರ್ತಿ ಆಗಿಲ್ಲ. ಊದಿಲ್ಲ, ನೋವಿಲ್ಲ. ತೊಡೆ ಎಡ 39 ಮತ್ತೆ ಅರ್ಧ, ಬಲ 39. ಬೆಳಗ್ಗೆ ಫರಸಿ ಮೇಲೆ ನೀರಿನ ಹೆಜ್ಜೆ ಹಾಕಿಸಿದೆ. ಈ ಸಲ ಯಾಕೆ ಅಂತ ಅವನಿಗೂ ಗೊತ್ತು, ಆದರೂ ನಾನು ಎರಡು ಸಲ ನಡೆಸಿ ನೋಡಿದೆ. ಎರಡೂ ಪಾದ ಒಂದೇ ದಿಕ್ಕಿಗೆ.

ಸ್ಕೋರ್ ಪುಸ್ತಕ ಅವನದೇ ಕೈಯಲ್ಲಿದೆ. ಶಾಲೆಗೆ ಸೈಕಲ್ ಕೇಳುತ್ತಿದ್ದಾನೆ. ಕೊಡಬಹುದಾ?

ಎಲುಬು ಡಾಕ್ಟರ್ · ಅದೇ ದಿನ

ಬಹಳ ಸಂತೋಷ ಅಮ್ಮಾ. ನೋಡುತ್ತಿರುವ ಡಾಕ್ಟರನ್ನು ಕೇಳಿಯೇ ಕೊಡಿ. ಕೊಟ್ಟರೆ ಸೀಟು ಎತ್ತರಿಸಿ, ಮೊಣಕಾಲು ಜಾಸ್ತಿ ಮಡಿಯಬಾರದು, ಏರು ದಾರಿ ಬೇಡ. ಕಬಡ್ಡಿಗೆ ಎಕ್ಸ್‌ರೇ ತೆಗೆದು, ಎಲುಬು ಪೂರ್ತಿ ಕೂಡಿದೆ ಅಂತ ಕಂಡ ಮೇಲೆಯೇ. ನೋವಿಲ್ಲ ಅನ್ನುವುದೊಂದೇ ಸಾಲದು.

ಇಂಡಿ ಅಪ್ಪ · 2 ದಿನದ ನಂತರ

ಅಕ್ಕಾರೆ, ಇವತ್ತೇ ಇದನ್ನೆಲ್ಲ ಓದಿದೆ. ನನ್ನ ಮಗಳು 12 ವರ್ಷ, ಖೋ ಖೋ ಆಡುತ್ತಾಳೆ. ಎಡ ಮೊಣಕಾಲು, ಅದೇ ತರಹ ಅಂಗೈ ಇಟ್ಟು ತೋರಿಸುತ್ತಾಳೆ. ಇಲ್ಲಿ ಎಕ್ಸ್‌ರೇ ತೆಗೆಯುವವರಿಗೆ ಏನಂತ ಹೇಳಬೇಕು?

ಬನಹಟ್ಟಿ ಅವ್ವ · 2 ದಿನದ ನಂತರ

ಅಣ್ಣಾರೆ, ನೀವು ಹೇಳುವುದಲ್ಲ, ಡಾಕ್ಟರಿಂದ ಚೀಟಿಯಲ್ಲಿ ಬರೆಸಿಕೊಳ್ಳಿ. ಎರಡೂ ಮೊಣಕಾಲು, ನಾಚ್ ವ್ಯೂ ಸೇರಿಸಿ ಅಂತ. ಮೊದಲು ಸೊಂಟ ನೋಡಿಸಿ. ಹಳೇ ಫಿಲ್ಮ್ ಇದ್ದರೆ ಜೊತೆಗೆ ಒಯ್ಯಿರಿ. ಆಟ ಇವತ್ತಿನಿಂದಲೇ ನಿಲ್ಲಿಸಿ. ಸಂಜೆ ಫರಸಿ ಮೇಲೆ ನಡೆಸಿ ನೋಡಿ, ಹೆಜ್ಜೆ ಹೇಗೆ ಬಿತ್ತು ಅಂತ ಇಲ್ಲಿ ಬರೆಯಿರಿ. ನಾನು ನೋಡುತ್ತಿರುತ್ತೇನೆ.